ಅಪ್‌ವೋಟ್ ಬಿಟ್ಟು ಆರ್ಡರ್ ಲೆಕ್ಕ ಹಿಡಿದದ್ದು

ರೆಡಿಟ್‌ನಲ್ಲೋ ಫೇಸ್‌ಬುಕ್ ಗುಂಪಿನಲ್ಲೋ ಹಂಚಿದ ಬರಹದಿಂದ ಎಷ್ಟು ಕಾಫಿಪುಡಿ ಮಾರಾಟವಾಯಿತು ಎಂದು ಲೆಕ್ಕ ಹಿಡಿಯಲು ಸಾಧ್ಯವೇ ಇಲ್ಲ ಎಂದು ಮಡಿಕೇರಿಯಲ್ಲಿ ನನ್ನಂತೆಯೇ ಬರಹ ಹಂಚಿ ಕಾಫಿಪುಡಿ ಮಾರುವವರು ವಾದಿಸುತ್ತಿದ್ದರು. ಸಾಧ್ಯವಿದೆ. ಈಗ ಅವರೇ ನನ್ನ ಲೆಕ್ಕದ ಶೀಟ್ ಕೇಳುತ್ತಾರೆ.

ಲೆಕ್ಕ ಕೆಡುವುದು ಲಿಂಕಿನಲ್ಲೇ. ವಾಟ್ಸಾಪ್‌ನಿಂದ, ರೆಡಿಟ್ ಆ್ಯಪ್‌ನಿಂದ ಬಂದವರಲ್ಲಿ ಬಹಳಷ್ಟು ಮಂದಿ ಅನಲಿಟಿಕ್ಸ್‌ನಲ್ಲಿ (ಸೈಟಿಗೆ ಬಂದವರ ಲೆಕ್ಕ ಇಡುವ ಟೂಲ್) 'ಡೈರೆಕ್ಟ್', ಅಂದರೆ ಎಲ್ಲಿಂದ ಬಂದರೆಂದು ಗೊತ್ತಾಗದವರು, ಆಗಿಬಿಡುತ್ತಾರೆ. ಎಲ್ಲಿಂದ ಬಂದರೆಂದು ತಿಳಿಸುವ ಯುಟಿಎಂ ಗುರುತನ್ನು ಲಿಂಕಿನ ಕೊನೆಗೆ ಹಾಕಿದರೆ ಆ ಉದ್ದ ಬಾಲ ನೋಡಿಯೇ ರೆಡಿಟ್‌ನವರು ಜಾಹೀರಾತು ಎಂದು ಮೂಗು ಮುರಿಯುತ್ತಾರೆ; ಬಿಟ್ಲಿಯಂಥ ಗಿಡ್ಡ ಲಿಂಕನ್ನು ಸ್ಪ್ಯಾಮ್ ಫಿಲ್ಟರ್ ನುಂಗುತ್ತದೆ. ಅದಕ್ಕೆ ನಮ್ಮದೇ ಡೊಮೇನ್‌ನಲ್ಲಿ ಗುಂಪಿಗೊಂದು ಪುಟ್ಟ ವಿಳಾಸ ಮಾಡಿ, ಅಲ್ಲಿಂದ ಯುಟಿಎಂ ಇರುವ ಪುಟಕ್ಕೆ ರೀಡೈರೆಕ್ಟ್ ಕೊಟ್ಟೆ. 302 (ತಾತ್ಕಾಲಿಕ ರೀಡೈರೆಕ್ಟ್) ಕೊಡಿ. 301 (ಶಾಶ್ವತ ರೀಡೈರೆಕ್ಟ್) ಕೊಟ್ಟರೆ ಬ್ರೌಸರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಪುಟ ಬದಲಿಸಿದರೂ ಜನ ಹಳೆಯದಕ್ಕೇ ಹೋಗುತ್ತಾರೆ. ಯುಟಿಎಂ ಹೆಸರುಗಳೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರಲಿ. ಒಂದು ದೊಡ್ಡಕ್ಷರ ನುಸುಳಿದರೂ ಒಂದೇ ಗುಂಪು ಎರಡು ಸಾಲಾಗಿ ಒಡೆಯುತ್ತದೆ. ಸರ್ವರ್ ಲಾಗ್‌ನ ಹಿಟ್ ನಂಬಬೇಡಿ, ಲಿಂಕಿನ ಪ್ರಿವ್ಯೂ ತರುವ ಬಾಟ್‌ಗಳೂ (ತಾವಾಗಿ ಓಡುವ ಪ್ರೋಗ್ರಾಂಗಳು) ಅದರಲ್ಲಿ ಸೇರಿರುತ್ತವೆ.

ಶೇರ್ ಎಣಿಸುವ ಟೂಲ್ ಒಂದಕ್ಕೆ ತಿಂಗಳಿಗೆ ಎರಡೂವರೆ ಸಾವಿರದ ಹತ್ತಿರ ಕೊಟ್ಟು ನೋಡಿದ್ದಾಯಿತು. ಅದು ತೋರಿಸಿದ್ದು ಅಪ್‌ವೋಟ್ (ರೆಡಿಟ್‌ನ ಮೆಚ್ಚುಗೆ ಮತ) ಮಾತ್ರ. ರೆಡಿಟ್ ಆ ಅಂಕಿಯನ್ನು ಬೇಕೆಂದೇ ತುಸು ಹೆಚ್ಚುಕಡಿಮೆ ಮಾಡಿ ತೋರಿಸುತ್ತದೆ, ಹಾಗಾಗಿ ದುಡ್ಡು ದಂಡ. ಈಗಿರುವುದು ಜಿಎ4 (ಗೂಗಲ್ ಅನಲಿಟಿಕ್ಸ್ 4), ಪುಟದಲ್ಲಿ ಏನನ್ನು ಎಣಿಸಬೇಕೆಂದು ಹೇಳುವ ಗೂಗಲ್‌ನ ಟ್ಯಾಗ್ ಮ್ಯಾನೇಜರ್, ಒಂದು ಗೂಗಲ್ ಶೀಟ್. ಖರ್ಚಿಲ್ಲ.

ಜಿಎ4ನ 'ಎಂಗೇಜ್ಡ್ ಸೆಷನ್' (ಆಸಕ್ತಿಯಿಂದ ನೋಡಿದ ಭೇಟಿ) 10 ಸೆಕೆಂಡ್ ದಾಟಿದರೆ ಸಾಕು, ಎಣಿಕೆಗೆ ಬರುತ್ತದೆ. 10 ಸೆಕೆಂಡಿನಲ್ಲಿ ಯಾರೂ ಬರಹ ಓದುವುದಿಲ್ಲ. ನಾನು ನೋಡುವುದು ಎರಡೇ: ಶೇ. 90ರ ಸ್ಕ್ರೋಲ್, ಮತ್ತೆ ವಾಟ್ಸಾಪ್ ಬಟನ್ ಒತ್ತಿದ್ದು. ಫೋನ್ ನಂಬರ್ ಒತ್ತಿದ್ದನ್ನು ಹಿಡಿಯಲು ಟ್ಯಾಗ್ ಮ್ಯಾನೇಜರ್‌ನಲ್ಲಿ ಬೇರೆ ಟ್ರಿಗರ್ (ಯಾವಾಗ ಎಣಿಸಬೇಕೆಂಬ ಷರತ್ತು) ಹಾಕಬೇಕು.

ರೊಬಸ್ಟಾ ಕಾಫಿಗೆ ಹೂಮಳೆ (ಗಿಡ ಹೂ ಬಿಡಲು ಬೇಕಾದ ಬೇಸಿಗೆಯ ಮಳೆ) ಯಾಕೆ ಬೇಕು ಎಂಬ ಬರಹಕ್ಕೆ ರೆಡಿಟ್‌ನಿಂದ ಮೂರು ಸಾವಿರದಷ್ಟು ಜನ ಬಂದರು. ಕೊನೆಯವರೆಗೆ ಇಳಿದವರು ಹತ್ತಕ್ಕೆ ಒಬ್ಬರು, ಆ ವಾರದ ಆರ್ಡರ್ ಆರೋ ಏಳೋ. ಬೆಂಗಳೂರಿನಲ್ಲಿರುವ ಕೊಡಗಿನವರ ವಾಟ್ಸಾಪ್ ಗುಂಪಿನಿಂದ ಬಂದವರು ಇನ್ನೂರು, ಆರ್ಡರ್ ಇಪ್ಪತ್ತರ ಆಸುಪಾಸು, ಹೆಚ್ಚಿನವು ಅರ್ಧ ಕೆಜಿಯವು. ಆದರೆ ಅಲ್ಲಿಗೇ ತೀರ್ಪು ಕೊಡಬಾರದು. ರೆಡಿಟ್‌ನವರು ಮೂರನೇ ವಾರದಲ್ಲಿ ಗೂಗಲ್‌ನಲ್ಲಿ ಹುಡುಕಿಕೊಂಡು ಮತ್ತೆ ಬಂದರು, ಇನ್ನೊಂದು ಹತ್ತು ಆರ್ಡರ್ ಆಗಲೇ ಬಿದ್ದದ್ದು. ಹಾಗಾಗಿ ಪ್ರತಿ ಪೋಸ್ಟಿನ ಲೆಕ್ಕ ಮುಚ್ಚುವುದು 30 ದಿನಕ್ಕೆ. ಫೋನಿನಲ್ಲಿ ಬಂದ ಆರ್ಡರನ್ನು ಯಾವ ಪೋಸ್ಟಿನ ಖಾತೆಗೆ ಬರೆಯಬೇಕು ಎನ್ನುವುದಕ್ಕೂ ಒಂದು ಉಪಾಯವಿದೆ. ಅದು ನನ್ನಲ್ಲೇ ಇರಲಿ.

ನಡುವೆ ಇನ್ನೊಂದು ಪರೀಕ್ಷೆಯೂ ನಡೆಯಿತು. ಅದೇ ಬರಹವನ್ನು ತಲೆಬರಹದಲ್ಲಿ 'ಕೂರ್ಗ್' ಹಾಕಿ ಒಂದು ಕಡೆ, 'ಕೊಡಗು' ಹಾಕಿ ಇನ್ನೊಂದು ಕಡೆ ಹಂಚಿದೆ. ಕೂರ್ಗ್‌ಗೆ ಜನ ದುಪ್ಪಟ್ಟು, ಆದರೆ ಕೇಳಿದ್ದೆಲ್ಲ ಹೋಂಸ್ಟೇ ಬಾಡಿಗೆ. ಕಾಫಿ ಕೊಂಡವರು ಕೊಡಗು ಎಂದಿದ್ದ ಕಡೆಯಿಂದಲೇ ಹೆಚ್ಚು.

ಜಿಎ4ನಲ್ಲಿ ಡೇಟಾ ಉಳಿಸುವ ಅವಧಿ ತಾನಾಗಿ 2 ತಿಂಗಳಿಗೆ ಇರುತ್ತದೆ. ಮೊದಲೇ ಅದನ್ನು 14ಕ್ಕೆ ಏರಿಸಿ. ಇಲ್ಲದಿದ್ದರೆ ಎಕ್ಸ್‌ಪ್ಲೊರೇಶನ್ (ಜಿಎ4ನಲ್ಲಿ ನಾವೇ ವರದಿ ಕಟ್ಟಿಕೊಳ್ಳುವ ಜಾಗ) ತೆರೆದು ಈ ಹೂಮಳೆಯ ಪೋಸ್ಟನ್ನು ಮುಂದಿನ ಹೂಮಳೆಯದರ ಜೊತೆ ಹೋಲಿಸಲು ಆಗುವುದಿಲ್ಲ.