ನೆರೆ ಇಳಿದ ಮೇಲೆ ಬೇಕಾಗುವ ದುಡ್ಡು

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯ ಊರುಗಳಿಗೆ ನುಗ್ಗಿತು. ರಾಮದುರ್ಗ, ಕೊಣ್ಣೂರಿನ ಓಣಿಗಳಲ್ಲಿ ನೀರು ನಿಂತಿತು; ಪಟ್ಟದಕಲ್ಲಿನ ಗುಡಿಗಳನ್ನೂ ಬಿಡಲಿಲ್ಲ. ಹುಬ್ಬಳ್ಳಿಯಲ್ಲಿದ್ದ ನಾನು ಮತ್ತು ನನ್ನ ಜೊತೆ ಓದಿದ ಕೆಲವರು ಗೆಳೆಯರಿಂದ ಹಣ ಕೂಡಿಸಿ ರಾಮದುರ್ಗ ತಾಲ್ಲೂಕಿನ ಒಂದು ಹಳ್ಳಿಗೆ ತಲುಪಿಸಿದೆವು. ಆ ಹಳ್ಳಿಯೇ ಯಾಕೆ ಅಂದರೆ ಅಲ್ಲಿ ನಮಗೆ ಗೊತ್ತಿದ್ದ ಅಂಗನವಾಡಿ ಶಿಕ್ಷಕಿ ಒಬ್ಬರಿದ್ದರು. ಯಾರ ಮನೆಯಲ್ಲಿ ಏನಿಲ್ಲ ಅನ್ನುವುದು ಅವರಿಗೆ ಬಾಯಿಪಾಠ.

ಮೊದಲ ವಾರ ಬೇಕೆಂದೇ ಕೈ ಬಿಗಿಹಿಡಿದೆವು. ಆಗ ಊಟಕ್ಕೆ ಕೊರತೆ ಇರಲಿಲ್ಲ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಹೆಣ್ಣುಮಕ್ಕಳು ಕೂಡಿ ಬಡಿದ ರೊಟ್ಟಿ, ಶೇಂಗಾ ಚಟ್ನಿ ಗಾಡಿಗಟ್ಟಲೆ ಹೋಗುತ್ತಿದ್ದವು. ಆದರೆ ಗಾಡಿಗಳೆಲ್ಲ ನಿಲ್ಲುತ್ತಿದ್ದುದು ಡಾಂಬರು ರಸ್ತೆಯ ಪಕ್ಕದ ಊರುಗಳಲ್ಲೇ. ಶಾಲೆಯ ವರಾಂಡದಲ್ಲಿ ಹಳೆ ಬಟ್ಟೆಯ ರಾಶಿ: ಗುಂಡಿ ಕಿತ್ತ ಅಂಗಿ, ತೋಳಿಲ್ಲದ ನೈಟಿ, ಒಂದು ಕೋಟು ಕೂಡ. ಶಿಕ್ಷಕಿ ಫೋನಿನಲ್ಲಿ, "ಅಣ್ಣಾರ, ಅರಿವಿ ಸಾಕ್ರಿ, ಇಡಾಕ ಜಾಗಾ ಇಲ್ಲ. ರೊಟ್ಟಿ ಹಂಚು, ಕೊಡ, ಚಾದರ ನೋಡ್ರಿ. ಹೆಣ್ಮಕ್ಕಳಿಗೆ ಪ್ಯಾಡ್ ಬೇಕಾಗ್ಯಾವ್ರಿ, ಅವನ್ನ ಯಾರೂ ತಂದಿಲ್ಲ" ಅಂದರು. ನಮ್ಮ ಪಟ್ಟಿ ಅಷ್ಟೇ.

ಬೆಂಗಳೂರಿನ ಗೆಳೆಯರು ಅಲ್ಲಿಂದಲೇ ಸಾಮಾನು ಕಳಿಸುತ್ತೇವೆ ಅಂದಾಗ ಬೇಡವೆಂದೆವು. ಲಾರಿ ಬಾಡಿಗೆಗೆ ಹೋಗುವ ಹಣದಲ್ಲಿ ಇನ್ನಷ್ಟು ಮನೆಗೆ ಪಾತ್ರೆ ಬರುತ್ತದೆ. ಸವದತ್ತಿಯ ಅಂಗಡಿಯಲ್ಲೇ ಕೊಂಡೆವು. ತೂತಿನ ಕೊಡ ಬಂದರೆ ಮರುದಿನ ಬದಲಾಯಿಸಲೂ ಆಗುತ್ತದೆ. ಎಲ್ಲರೂ ಮರೆತದ್ದು ದನಗಳನ್ನು. ಬಣವೆಗಳು ತೇಲಿಹೋಗಿದ್ದವು, ಉಳಿದ ಕಣಿಕೆ ಕೊಳೆತು ನಾರುತ್ತಿತ್ತು. ಮೇವಿಲ್ಲದೆ ರೈತ ಎತ್ತು ಮಾರಿದನೆಂದರೆ ಮುಂದಿನ ಬಿತ್ತನೆಗೆ ಬಾಡಿಗೆ ಎತ್ತೇ ಗತಿ. ಹಾಗಾಗಿ ನಮ್ಮ ದುಡ್ಡಿನಲ್ಲಿ ದೊಡ್ಡ ಪಾಲು ಕಣಿಕೆಗೇ ಹೋಯಿತು. ನನ್ನ ಮಟ್ಟಿಗೆ ಆ ನೆರೆಯಲ್ಲಿ ಮಾಡಿದ ಅತಿ ಒಳ್ಳೆಯ ಖರ್ಚು ಅದು.

ಉಳಿದದ್ದನ್ನು ತಿಂಗಳ ನಂತರ ಕೊಟ್ಟೆವು. ಅಷ್ಟೊತ್ತಿಗೆ ಟಿವಿಯವರೂ ಇಲ್ಲ, ಟೆಂಪೊಗಳೂ ಇಲ್ಲ. ಸರ್ಕಾರ ತುರ್ತು ನೆರವಾಗಿ ಕುಟುಂಬಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಆದರೆ ಮನೆಯ ಹಣ ಬರುವುದು ಕಂತಿನಲ್ಲಿ, ಅದೂ ಕಾಗದಪತ್ರ ಸರಿ ಇದ್ದವರಿಗೆ. ಬಾಡಿಗೆಗಿದ್ದವರು, ತೀರಿಹೋದ ಅಜ್ಜನ ಹೆಸರಲ್ಲೇ ಉತಾರ ಉಳಿಸಿಕೊಂಡವರು ಒದ್ದಾಡುತ್ತಿದ್ದರು. ಅಂಥ ಮನೆಗಳಿಗೆ ನೇರವಾಗಿ ಬ್ಯಾಂಕ್ ಖಾತೆಗೆ ಹಾಕಿದೆವು. ಏನಕ್ಕೆ ಖರ್ಚು ಮಾಡುತ್ತೀರಿ ಅಂತ ಕೇಳಲಿಲ್ಲ.

ಪರಿಚಯದವರು ಯಾರೂ ಇಲ್ಲದ ಕಡೆ, 2024ರಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ, ನಾನು ಕೊಟ್ಟದ್ದು ಅಲ್ಲಿಯ ಮುಖ್ಯಮಂತ್ರಿ ಪರಿಹಾರ ನಿಧಿಗೆ. ವಾಟ್ಸಾಪ್‌ನಲ್ಲಿ ಬಂದ ಕ್ಯೂಆರ್ ಕೋಡ್ ಮುಟ್ಟುವುದಿಲ್ಲ. ನಿಧಿಯ ಸರ್ಕಾರಿ ಜಾಲತಾಣಕ್ಕೇ ಹೋಗಿ, ಯುಪಿಐನಲ್ಲಿ ಕಾಣುವ ಹೆಸರು ಓದಿಯೇ ಒತ್ತುತ್ತೇನೆ. ಈ ನಿಧಿಗೆ ಕೊಟ್ಟದ್ದಕ್ಕೆ ಆದಾಯ ತೆರಿಗೆಯಲ್ಲಿ ಪೂರ್ತಿ ವಿನಾಯಿತಿ ಇದೆ, ಆದರೆ ಹಳೆ ತೆರಿಗೆ ಪದ್ಧತಿಯಲ್ಲಿದ್ದವರಿಗೆ ಮಾತ್ರ. 2,000 ಮೀರಿದ ನಗದಿಗೆ, ಸಾಮಾನಿನ ರೂಪದ ದಾನಕ್ಕೆ ಅದು ಸಿಗುವುದಿಲ್ಲ. ಅಮೆರಿಕದ ಪೌರತ್ವ ಪಡೆದ ಗೆಳೆಯನಿಗೆ ನಮ್ಮ ಖಾತೆಗೆ ಹಾಕಬೇಡವೆಂದೆ, ಅದು ವಿದೇಶಿ ದೇಣಿಗೆಯಾಗುತ್ತದೆ. ಅಂಥ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಗೇ ಕಳಿಸಿದ.

ಕೊಟ್ಟವರಲ್ಲಿ ಕೆಲವರು, ಅಜ್ಜಿಯೊಬ್ಬಳು ಕೊಡ ಇಸಿದುಕೊಳ್ಳುವ ಫೋಟೊ ಕಳಿಸಿ ಅಂದರು. ನಾವು ಕಳಿಸಿದ್ದು ಅಂಗಡಿಯ ಬಿಲ್ಲಿನ ಫೋಟೊ. ಒಬ್ಬರು ಸಿಟ್ಟಾಗಿ ಗ್ರೂಪ್ ಬಿಟ್ಟರು; ದುಡ್ಡನ್ನೇನೂ ವಾಪಸ್ ಕೇಳಲಿಲ್ಲ.