1969ರ ಕ್ಯಾಮರೊಗೆ ಚಕ್ರ ಮತ್ತು ಟೈರು ಆರಿಸಿದ ನನ್ನ ಅನುಭವ

ಮಿಷಿಗನ್‌ಗೆ ಬಂದು ನೆಲೆಸಿದ ಕೆಲವು ವರ್ಷಗಳ ಮೇಲೆ ನಾನು ಕೊಂಡ ಹಳೆಯ ಕಾರು 1969ರ ಷೆವ್ರೊಲೆ ಕ್ಯಾಮರೊ ಎಸ್‌ಎಸ್. 350 ಘನ ಅಂಗುಲದ ವಿ8 ಎಂಜಿನ್ನಿನ, ಒಹಾಯೊ ರಾಜ್ಯದ ನಾರ್‌ವುಡ್ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಅದಕ್ಕೆ ಮೊದಲ ಸಲ ಚಕ್ರ ಕೊಂಡಾಗ ನಾನು ಅಳತೆಪಟ್ಟಿಯನ್ನು ಮುಟ್ಟಲೇ ಇಲ್ಲ. ಬೇರೊಬ್ಬರ ಕಾರಿನ ಚಿತ್ರ ನೋಡಿ ಮರುಳಾಗಿ, ಅದೇ ನಮೂನೆಯ 15 ಅಂಗುಲ ವ್ಯಾಸದ, 8 ಅಂಗುಲ ಅಗಲದ ಬಳಸಿದ ಚಕ್ರಗಳನ್ನು ತಂದು, ಹಿಂದಕ್ಕೆ 255/60 ಆರ್15 ಟೈರು ಹಾಕಿಸಿದೆ. ಗ್ಯಾರೇಜಿನಲ್ಲಿ ನಿಂತಿದ್ದಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು. ಒಂದು ಭಾನುವಾರ ಇಬ್ಬರು ಗೆಳೆಯರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂ ರಸ್ತೆಯ ಕಡೆಗೆ ಹೊರಟಾಗ, ಮೊದಲ ಗುಂಡಿಯಲ್ಲೇ ಬಲ ಹಿಂಬದಿಯಿಂದ ಗರಗಸ ಎಳೆದಂಥ ಸದ್ದು ಬಂತು. ಇಳಿದು ನೋಡಿದರೆ ಮಡ್‌ಗಾರ್ಡಿನ ಒಳಮಡಿಕೆ ಟೈರಿನ ಹೆಗಲನ್ನು ಕೆತ್ತಿತ್ತು. ರಬ್ಬರಿನ ಚೂರುಗಳು ತುರಿದ ಕೊಬ್ಬರಿಯಂತೆ ಅಂಚಿಗೆ ಅಂಟಿಕೊಂಡಿದ್ದವು.

ತಪ್ಪು ಟೈರಿನದ್ದಾಗಿರಲಿಲ್ಲ, ಚಕ್ರದ ಬ್ಯಾಕ್‌ಸ್ಪೇಸ್‌ನದಾಗಿತ್ತು. ಹಬ್ಬಿಗೆ, ಅಂದರೆ ಚಕ್ರವನ್ನು ಬೋಲ್ಟಿನಿಂದ ಬಿಗಿಯುವ ನಡುಭಾಗಕ್ಕೆ, ಕೂರುವ ಮುಖದಿಂದ ಚಕ್ರದ ಒಳ ಅಂಚಿನವರೆಗಿನ ದೂರವನ್ನು ಬ್ಯಾಕ್‌ಸ್ಪೇಸ್ ಎನ್ನುತ್ತಾರೆ. 8 ಅಂಗುಲದ ಚಕ್ರ ಎಂದರೆ ಟೈರು ಕೂರುವ ಜಾಗದ ಅಗಲ ಮಾತ್ರ 8 ಅಂಗುಲ; ಎರಡೂ ಬದಿಯ ಅಂಚು ಸೇರಿದರೆ ಸುಮಾರು 9 ಅಂಗುಲವಾಗುತ್ತದೆ. ಹಾಗಾಗಿ ಬ್ಯಾಕ್‌ಸ್ಪೇಸ್ ನಾಲ್ಕೂವರೆ ಅಂಗುಲವಿದ್ದರೆ ಹಬ್ಬಿನ ಮುಖ ಚಕ್ರದ ನಟ್ಟನಡುವೆ ಬರುತ್ತದೆ. ನಾನು ತಂದದ್ದರಲ್ಲಿ ಅದು 3.75 ಅಂಗುಲವಷ್ಟೇ ಇತ್ತು, ಅಂದರೆ ಇಡೀ ಚಕ್ರ ಮುಕ್ಕಾಲು ಅಂಗುಲ, ಸುಮಾರು 19 ಮಿಲಿಮೀಟರ್, ಹೊರಕ್ಕೆ ಸರಿದಿತ್ತು. ಚಿತ್ರದಲ್ಲಿ ಚಕ್ರ ತುಂಬಿಕೊಂಡು ಅಂದವಾಗಿ ಕಂಡದ್ದೂ ಅದೇ ಕಾರಣಕ್ಕೆ ಇರಬೇಕು. ಆ ಕಾರಿನ ಮಡ್‌ಗಾರ್ಡಿನ ಅಂಚನ್ನು ಒಳಕ್ಕೆ ಮಡಿಸಿದ್ದರೋ ಏನೋ, ಅದನ್ನು ಯೋಚಿಸುವ ತಾಳ್ಮೆ ಆಗ ನನಗಿರಲಿಲ್ಲ.

ಎರಡನೆಯ ಸಲ ಅಳತೆಯಿಂದಲೇ ಆರಂಭಿಸಿದೆ. ಕಾರನ್ನು ಚಾಸಿಗೆ ಜಾಕಿ ಕೊಟ್ಟು ಎತ್ತಿದರೆ ಹಿಂದಿನ ಆಕ್ಸಲ್ ಕೆಳಕ್ಕೆ ಜೋತುಬಿದ್ದು ಎಲ್ಲ ಅಳತೆಯೂ ಸುಳ್ಳಾಗುತ್ತದೆ. ಆದ್ದರಿಂದ ಸ್ಟ್ಯಾಂಡುಗಳನ್ನು ಆಕ್ಸಲ್ಲಿನ ಅಡಿಗೇ ಇಟ್ಟು, ಗಾಡಿಯ ಭಾರ ಸ್ಪ್ರಿಂಗಿನ ಮೇಲೆ ಉಳಿಯುವಂತೆ ನೋಡಿಕೊಂಡೆ. ಚಕ್ರ ಬಿಚ್ಚಿ, ಬ್ರೇಕ್ ಡ್ರಮ್ಮಿನ ಮುಖಕ್ಕೆ ಅಲ್ಯೂಮಿನಿಯಂ ಪಟ್ಟಿಯೊಂದನ್ನು ನೇರವಾಗಿ ಒತ್ತಿಹಿಡಿದು, ಅಲ್ಲಿಂದ ಒಳಗೆ ಲೀಫ್ ಸ್ಪ್ರಿಂಗಿನವರೆಗೆ, ಹೊರಗೆ ಮಡ್‌ಗಾರ್ಡಿನ ಮಡಿಕೆಯವರೆಗೆ ಅಳೆದೆ. ಒಳಗಿನ ಅಳತೆ ಎರಡೂ ಬದಿಗೆ 158 ಮಿಲಿಮೀಟರ್ ಬಂತು. ಹೊರಗಿನದು ಮಾತ್ರ ಎಡಕ್ಕೆ 143, ಬಲಕ್ಕೆ 135. ಪಟ್ಟಿ ಓರೆಯಾಗಿರಬಹುದೆಂದು ಮೂರು ಸಲ ಅಳೆದರೂ ಅದೇ ಲೆಕ್ಕ. ಕಾರಣ ಆಮೇಲೆ ಹೊಳೆಯಿತು: ಸ್ಪ್ರಿಂಗನ್ನು ಆಕ್ಸಲ್ಲಿಗೇ ಬಿಗಿದಿರುವುದರಿಂದ ಹಬ್ಬಿಗೂ ಸ್ಪ್ರಿಂಗಿಗೂ ನಡುವಿನ ದೂರ ಬದಲಾಗುವುದಿಲ್ಲ, ಬಾಡಿ ಮಾತ್ರ ಆಕ್ಸಲ್ಲಿನ ಮೇಲೆ ನಾಲ್ಕು ಮಿಲಿಮೀಟರ್ ಎಡಕ್ಕೆ ಕೂತಿದೆ. ಆ ಕಾಲದ ಗಾಡಿಗಳಲ್ಲಿ ಇಷ್ಟು ವ್ಯತ್ಯಾಸ ಸಾಮಾನ್ಯ. ಇಂಥಲ್ಲಿ ಕಿರಿದಾದ ಬದಿಯನ್ನೇ ಇಡೀ ಗಾಡಿಯ ಅಳತೆ ಎಂದು ಹಿಡಿಯಬೇಕು. ನಾನು ಎಡಬದಿಯನ್ನಷ್ಟೇ ಅಳೆದು ಎದ್ದಿದ್ದರೆ ಮತ್ತೊಮ್ಮೆ ದುಡ್ಡು ಕಳೆದುಕೊಳ್ಳುತ್ತಿದ್ದೆ.

ಇನ್ನು ಟೈರಿನ ಎತ್ತರ. ಈ ಕಾರಿಗೆ ಕಾರ್ಖಾನೆಯಲ್ಲಿ ಹಾಕಿದ್ದು 14 ಅಂಗುಲ ವ್ಯಾಸದ, 7 ಅಂಗುಲ ಅಗಲದ ಚಕ್ರ ಮತ್ತು ಎಫ್70-14 ಟೈರು. ಹಳೆಯ ಪದ್ಧತಿಯಲ್ಲಿ ಮೊದಲ ಅಕ್ಷರ ಭಾರ ಹೊರುವ ಶಕ್ತಿಯನ್ನು ಸೂಚಿಸುತ್ತದೆಯೇ ಹೊರತು ಅಗಲವನ್ನಲ್ಲ. 70 ಎಂಬುದು ಅಗಲಕ್ಕೆ ಸೈಡ್‌ವಾಲಿನ, ಅಂದರೆ ಟೈರಿನ ಪಕ್ಕದ ಗೋಡೆಯ, ಎತ್ತರ ಶೇಕಡಾ ಎಷ್ಟು ಎಂಬುದನ್ನು ಹೇಳುತ್ತದೆ. ಇಂದಿನ ಲೆಕ್ಕದಲ್ಲಿ ಮೊದಲ ಸಂಖ್ಯೆ ಟೈರಿನ ಅಗಲ ಮಿಲಿಮೀಟರಿನಲ್ಲಿ, ಕೊನೆಯದು ಚಕ್ರದ ವ್ಯಾಸ ಅಂಗುಲದಲ್ಲಿ; 225/70 ಆರ್14 ಅದಕ್ಕೆ ಹತ್ತಿರ. 225ರಲ್ಲಿ ಶೇಕಡಾ 70 ಎಂದರೆ 157.5, ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿ 315, ಚಕ್ರದ 355.6 ಕೂಡಿಸಿದರೆ ಸುಮಾರು 671 ಮಿಲಿಮೀಟರ್, ಅಂದರೆ 26.4 ಅಂಗುಲ. ಯಾವ ಚಕ್ರ ಹಾಕಿದರೂ ಹಿಂದಿನ ಟೈರು ಈ ಎತ್ತರದ ಆಸುಪಾಸಿನಲ್ಲೇ ಇರಬೇಕೆಂದು ತೀರ್ಮಾನಿಸಿದೆ. ಏಕೆಂದರೆ ಸ್ಪೀಡೋಮೀಟರು ಲೆಕ್ಕ ಹಾಕುವುದು ಹಿಂದಿನ ಚಕ್ರದ ಸುತ್ತುಗಳನ್ನು. 25.7 ಅಂಗುಲದ 245/45 ಆರ್17 ಹಾಕಿದರೆ ಗಂಟೆಗೆ 65 ಮೈಲಿಯಲ್ಲಿ ಹೋಗುತ್ತಿರುವಾಗ ಮುಳ್ಳು 67ರ ಹತ್ತಿರ ನಿಲ್ಲುತ್ತದೆ.

17 ಅಂಗುಲದ ಆಸೆ ನನಗೂ ಇತ್ತು. ಒಳ್ಳೆಯ ಹಿಡಿತದ ಹೊಸ ಟೈರುಗಳು ಹೆಚ್ಚಾಗಿ ಸಿಗುವುದು ಆ ಅಳತೆಯಲ್ಲಿ. 15ರಲ್ಲಿ ಆಯ್ಕೆ ಕಡಿಮೆ, ಬಿಳಿ ಅಕ್ಷರದ ಬಿಎಫ್‌ಗುಡ್ರಿಚ್ ರೇಡಿಯಲ್ ಟಿ/ಎ ಕೂಡ ‘ಎಸ್’ ದರ್ಜೆಯದು, ಗಂಟೆಗೆ 180 ಕಿಲೋಮೀಟರಿನ ಮಿತಿಯದು. ಹದಿಮೂರು ಅಂಗುಲದ ಡಿಸ್ಕ್ ಬ್ರೇಕು ಹಾಕಿಸುವವರಿಗೆ, ಟ್ರ್ಯಾಕಿನಲ್ಲಿ ಓಡಿಸುವವರಿಗೆ 17 ಅಥವಾ 18ನ್ನು ಬಿಟ್ಟು ದಾರಿಯಿಲ್ಲ. ನನ್ನದು 11 ಅಂಗುಲದ ಮೂಲ ಡಿಸ್ಕ್, ವಾರಾಂತ್ಯದ ಓಡಾಟ, ಮಿಷಿಗನ್ನಿನ ಚಳಿಗಾಲ ಮುಗಿದ ಮೇಲೆ ಬಾಯ್ದೆರೆದುಕೊಂಡಿರುವ ರಸ್ತೆಗಳು. 245/45 ಆರ್17ರ ಸೈಡ್‌ವಾಲ್ 110 ಮಿಲಿಮೀಟರ್. 245/60 ಆರ್15ರದು 147. ಆ 37 ಮಿಲಿಮೀಟರ್ ರಬ್ಬರೇ ನನಗೆ ಬೇಕಾಗಿತ್ತು. ಅಲ್ಲದೆ ಈ ಗಾಡಿಗೆ ಅತಿ ದೊಡ್ಡ ಚಕ್ರ ಹಾಕಿದರೆ ಆಟಿಕೆಯಂತೆ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಮಂದಿ ಇದ್ದಾರೆ.

ಕೊನೆಗೆ ಆರಿಸಿದ್ದು ಅದೇ ವರ್ಷದ ಕ್ಯಾಮರೊ ಝಡ್/28 ಮಾದರಿಗೆ ಬರುತ್ತಿದ್ದ ಅಳತೆ: 15 ಅಂಗುಲ ವ್ಯಾಸ, 7 ಅಂಗುಲ ಅಗಲ, 4.25 ಅಂಗುಲ ಬ್ಯಾಕ್‌ಸ್ಪೇಸ್ ಇರುವ ಉಕ್ಕಿನ ರ‍್ಯಾಲಿ ಚಕ್ರ. ಮುಂದಕ್ಕೆ 235/60, ಹಿಂದಕ್ಕೆ 245/60. ಹಿಂದಿನ ಟೈರಿನ ಹೊರಬದಿ ಹಬ್ಬಿನ ಮುಖದಿಂದ ಸುಮಾರು 118 ಮಿಲಿಮೀಟರಿಗೆ ಬರುತ್ತದೆ, ಆದ್ದರಿಂದ ಬಲಬದಿಯ ಕಿರಿದಾದ ಜಾಗದಲ್ಲೂ 17 ಮಿಲಿಮೀಟರ್ ಉಳಿಯುತ್ತದೆ. ಬೋಲ್ಟುಗಳ ವೃತ್ತ ಐದು ಬೋಲ್ಟಿನ 4.75 ಅಂಗುಲ. ಫೋರ್ಡ್ ಮಸ್ಟಾಂಗ್ ವಿ8ರ ಚಕ್ರಕ್ಕೂ ಐದೇ ತೂತು, ಆದರೆ ಅದರ ವೃತ್ತ 4.5 ಅಂಗುಲ, ಹಳೆಯ ಸಾಮಾನಿನ ಸಂತೆಯಲ್ಲಿ ಕಣ್ಣಳತೆಯನ್ನು ನಂಬಬಾರದು.

ನಾಲ್ಕನ್ನೂ ಒಟ್ಟಿಗೆ ಕಟ್ಟಿಸದೆ ಮೊದಲು ಮುಂದಿನ ಒಂದನ್ನು ಮಾತ್ರ ಕೂರಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಮಡ್‌ಗಾರ್ಡಿನ ಕೆಳತುದಿಗೂ ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಆಂಟಿರೋಲ್ ಬಾರಿಗೂ ತಾಗುತ್ತಿಲ್ಲವೆಂದು ಖಚಿತಪಡಿಸಿಕೊಂಡೆ. ಟೈರಿನ ಮೇಲಿನ ಡಿಓಟಿ (ಅಮೆರಿಕದ ಸಾರಿಗೆ ಇಲಾಖೆ) ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನೂ ಓದಿದೆ. ಅವು ತಯಾರಾದ ವಾರ ಮತ್ತು ವರ್ಷ. ಕಾರಿನ ಡಿಕ್ಕಿಯಲ್ಲಿದ್ದ ಸ್ಟೆಪ್ನಿಯಲ್ಲಿ ಮೂರೇ ಅಂಕಿಗಳಿದ್ದವು, ಅಂದರೆ ಅದು 2000ಕ್ಕೂ ಹಿಂದಿನದು. ಮೇಲ್ಮೈಯ ಗೀರುಗಳು ಹೊಸದರಂತಿದ್ದರೂ ಅದನ್ನು ಎಸೆದೆ. ಚಕ್ರ ಜೋಡಣೆ ಮಾಡಿಸುವಾಗ ಹಳೆಯ ಕೈಪಿಡಿಯ ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷದ ಹಿಂದಕ್ಕಿನ ವಾಲಿಕೆ) ಅಂಕಿಗಳನ್ನು ಬಿಟ್ಟು ಸುಮಾರು ಎರಡೂವರೆ ಡಿಗ್ರಿ ಇಡಿಸಿದೆ. ಆ ಅಂಕಿಗಳು ರೇಡಿಯಲ್ ಬರುವ ಮುಂಚಿನ, ಒಳಗಿನ ನೂಲಿನ ಪದರಗಳು ಓರೆಯಾಗಿರುವ ಬಯಸ್ ಟೈರಿಗೆ ಹೊಂದಿಸಿದವು. ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುವುದು ಅದರಿಂದಲೇ ನಿಂತಿತು.

ಹಿಂದಿನ ಸೀಟಿಗೆ ಅದೇ ಇಬ್ಬರನ್ನು ಕೂರಿಸಿಕೊಂಡು ಅದೇ ಗುಂಡಿಯ ಮೇಲೆ ಹೋಗಿ ಬಂದೆ. ಎಂಜಿನ್ನಿನದಲ್ಲದೆ ಬೇರೆ ಸದ್ದಿರಲಿಲ್ಲ. ಹಳೆಯ ಚಕ್ರಗಳನ್ನು ಅರ್ಧ ಬೆಲೆಗೆ ಮಾರುವಾಗ ಪ್ರತಿಯೊಂದರ ಒಳಮೈಯ ಮೇಲೂ ಸೀಮೆಸುಣ್ಣದಿಂದ 3.75 ಎಂದು ದಪ್ಪಗೆ ಬರೆದು ಕೊಟ್ಟೆ.