ಟಗರು ಬಿಡುವ ಮುಂಚೆ ದಿನ ಎಣಿಸಿ

ಅಮೀನಗಡದ ಕುರಿ ಸಂತೆಯಲ್ಲಿ ‘ಇದು ಗಬ್ಬ ನಿಲ್ಲೂದಿಲ್ರಿ’ ಎಂಬ ಮಾತು ಹೊತ್ತ ಕುರಿ ಸಿಕ್ಕ ರೇಟಿಗೆ ಕಟುಕರ ಪಾಲಾಗುವುದನ್ನು ಕಂಡಾಗ ಕರುಳು ಚುರ್ ಎನ್ನುತ್ತದೆ. ಎಷ್ಟೋ ಸಲ ದೋಷ ಕುರಿಯದಲ್ಲ, ಟಗರು ಕಳೆದ ಬೇಸಿಗೆಯದು.

ಹಾಗಾಗಿ ಮೊದಲು ಟಗರನ್ನು ನೋಡಿ, ಅದೂ ಎರಡು ತಿಂಗಳು ಮುಂಚೆ. ವೀರ್ಯಾಣು ಹುಟ್ಟಿ, ಬಲಿತು ಹೊರಬರಲು ಏಳೆಂಟು ವಾರ ಹಿಡಿಯುತ್ತದೆ. ಜುಲೈನಲ್ಲಿ ಕೆಲಸಕ್ಕೆ ಬರುವ ವೀರ್ಯ ಮೇ ಬಿಸಿಲಿನಲ್ಲೇ ತಯಾರಾಗಿರುತ್ತದೆ. ಟಗರಿನ ಮೈಬಿಸಿ ಸುಮಾರು 39 ಡಿಗ್ರಿ. ಬೀಜ ಅದಕ್ಕಿಂತ ನಾಲ್ಕೈದು ಡಿಗ್ರಿ ತಂಪಾಗಿರಬೇಕು, ಅದಕ್ಕೇ ಅವು ಹೊರಗೆ ಜೋತುಬಿದ್ದಿರುವುದು. ವಿಜಯಪುರ, ಬಾಗಲಕೋಟೆಯಲ್ಲಿ 40 ದಾಟುವ ಬಿಸಿಲಿಗೆ ಒಡ್ಡಿದ ಟಗರು ಕುರಿಯನ್ನು ಏರುತ್ತದೆ, ಗಬ್ಬ ಮಾತ್ರ ನಿಲ್ಲುವುದಿಲ್ಲ. ನಡುಮಧ್ಯಾಹ್ನ ಬೇವಿನ ನೆರಳು, ತಣ್ಣೀರು ತಪ್ಪಿಸಬೇಡಿ. ಬೀಜಗಳನ್ನು ಅಂಗೈಯಲ್ಲಿ ಹಿಡಿದು ನೋಡಿ: ಎರಡೂ ಸಮನಾಗಿ, ಬಿಗಿಯಾಗಿ, ಗಂಟಿಲ್ಲದೆ ಇರಬೇಕು.

ಇನ್ನು ಕುರಿ. ಟಗರು ಬಿಡುವ ಎರಡು ಮೂರು ವಾರ ಮುಂಚಿನಿಂದ ದಿನಕ್ಕೆ ಕಾಲು ಕಿಲೋ ಗೋವಿನಜೋಳದ ನುಚ್ಚು ಕೊಡಿ, ಮೊದಲು ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ಸೊರಗಿದ ಕುರಿಯಲ್ಲಿ ಹೆಚ್ಚು ಅಂಡ ಬಲಿತು ಅವಳಿಯ ಆಸೆ ಹುಟ್ಟುತ್ತದೆ. ಕೊಬ್ಬಿದ ಕುರಿಗೆ ಕೊಟ್ಟರೆ ದಂಡ. ನಮ್ಮ ದಖ್ಖನಿ ಕುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ನೆರೆಯ ಮಹಾರಾಷ್ಟ್ರದ ಫಲ್ಟಣದಲ್ಲಿ ಬಂಗಾಳದ ಗರೋಲ್ ಕುರಿಯ ಅವಳಿ ಜೀನನ್ನು ದಖ್ಖನಿಗೆ ತಂದು ‘ನಾರಿ ಸುವರ್ಣ’ ಬೆಳೆಸಿದ್ದಾರೆ.

ಕುರಿಗೆ ಸುಮಾರು 17 ದಿನಕ್ಕೊಮ್ಮೆ ಬೆದೆ. ಅದು ಇರುವುದೇ 24ರಿಂದ 36 ತಾಸು. ಬೆದೆ ಮುಗಿಯುತ್ತ ಬಂದಾಗ ಅಂಡ ಬಿಡುಗಡೆಯಾಗುತ್ತದೆ, ಆಮೇಲೆ ಅದರ ಆಯುಸ್ಸು ಒಂದು ದಿನ. ಬೆದೆಗೆ ಬಂದ ಕುರಿ ಆಕಳಿನ ಹಾಗೆ ಕೂಗುವುದಿಲ್ಲ, ಒಂದರ ಮೇಲೊಂದು ಏರುವುದೂ ಕಡಿಮೆ; ಟಗರಿನ ಹತ್ತಿರ ಹೋಗಿ ಬಾಲ ಅಲ್ಲಾಡಿಸುತ್ತ ನಿಲ್ಲುತ್ತದೆ, ಅಷ್ಟೇ. ಟಗರಿಲ್ಲದ ಹಿಂಡಿನಲ್ಲಿ ಪಳಗಿದ ಕುರಿಗಾರನ ಕಣ್ಣಿಗೂ ಬೆದೆ ಬೀಳದು.

ಅದಕ್ಕೆ ಬಣ್ಣದ ಉಪಾಯ. ಅರಿಸಿನವನ್ನು ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ ಟಗರಿನ ಎದೆಗೆ ದಿನ ಬಿಟ್ಟು ದಿನ ಹಚ್ಚಿ. ಅದು ಏರಿದ ಕುರಿಯ ಬಾಲದ ಮೇಲಿನ ಉಣ್ಣೆಯಲ್ಲಿ ಅಂಗೈಯಗಲದ ಹಳದಿ ಮೂಡುತ್ತದೆ. ತಾರೀಖು ಬರೆದಿಡಿ. 17 ದಿನ ಕಳೆದ ಮೇಲೆ ಕಾವಿಗೆ ಬದಲಿಸಿ. ಕಪ್ಪು ಉಣ್ಣೆಯ ಮೇಲೆ ಕಾವಿ ಕಾಣದು, ಅಂಥ ಹಿಂಡಿಗೆ ಸೀಮೆಸುಣ್ಣದ ಪುಡಿ ಆಗುತ್ತದೆ. ಒಂದೆರಡು ಕುರಿಗೆ ಎರಡೂ ಬಣ್ಣ ಬಿದ್ದರೆ ಚಿಂತೆಯಿಲ್ಲ, ಮೊದಲ ಸಲ ಕಟ್ಟಿಲ್ಲ ಎಂದರ್ಥ. ಹಿಂಡಿಗೆ ಹಿಂಡೇ ಎರಡು ಬಣ್ಣವಾದರೆ ಟಗರು ಬದಲಿಸಿ. ನಮ್ಮ ಮನೆಯಲ್ಲಿ ಒಂದು ವರ್ಷ ಹಾಗೇ ಆಯಿತು. ಬೇರೆ ಟಗರು ತಂದ ಮೇಲೆ ಅವೇ ಕುರಿಗಳು ಗಬ್ಬ ನಿಂತವು. ಹಿಂದಿನ ವರ್ಷ ಬಂಜೆಯೆಂದು ಮಾರಿದ ಮೂರು ಕುರಿ ಇಂದಿಗೂ ನೆನಪಾಗುತ್ತವೆ.

ಇನ್ನೊಂದು ಮಾತು. ಟಗರನ್ನು ಒಂದು ತಿಂಗಳು ವಾಸನೆಯೂ ಸುಳಿಯದಷ್ಟು ದೂರ ಕಟ್ಟಿ ಆಮೇಲೆ ಬಿಟ್ಟರೆ, ಬೆದೆ ನಿಂತಿದ್ದ ಕುರಿಗಳಲ್ಲೂ ಎರಡು ಮೂರು ದಿನದಲ್ಲಿ ಅಂಡ ಬಿಡುಗಡೆಯಾಗುತ್ತದೆ. ಆದರೆ ಆ ಮೊದಲ ಸರದಿ ಮೂಕ, ಬೆದೆ ತೋರುವುದಿಲ್ಲ. ಕಣ್ಣಿಗೆ ಕಾಣುವ ಬೆದೆ ಮೂರು ವಾರದ ಆಸುಪಾಸಿನಲ್ಲಿ ಬರುತ್ತದೆ. ಹದಿನೈದು ದಿನಕ್ಕೇ ಕೈಚೆಲ್ಲಬೇಡಿ.

ಒಂದು ಟಗರಿಗೆ 30 ಕುರಿ ಸಾಕು. ಬಣ್ಣ ಬಿದ್ದ ಮೇಲೆ ಒಂದು ತಿಂಗಳು ದೂರದ ನಡಿಗೆ, ಉಣ್ಣೆ ಕತ್ತರಿಸುವುದು ಬೇಡ. ಗರ್ಭ ಆಗಿನ್ನೂ ಬೇರೂರುತ್ತಿರುತ್ತದೆ. ಅಲ್ಲಿಂದ 150 ದಿನ ಎಣಿಸಿ: ಜುಲೈ 1ಕ್ಕೆ ಬಣ್ಣ ಬಿದ್ದ ಕುರಿ ನವೆಂಬರ್ ಕೊನೆಯ ವಾರ ಈಯುತ್ತದೆ.